ಒಂದೇ ಹಿತ್ತಲಲ್ಲಿ ಬಿದ್ದ ಮಳೆ

ಈ ಮುಂಗಾರಿನಲ್ಲಿ ಒಂದು ದಿನ ದುಂಡಸಿಯ ಒಂದೇ ಒಂದು ಹಿತ್ತಲಲ್ಲಿ ಭಾರೀ ಮಳೆಯಾಯಿತು. ಪಕ್ಕದ ಮನೆಯವರು ಒಣಹಾಕಿದ್ದ ಸಂಡಿಗೆಯ ಮೇಲೆ ಒಂದು ಹನಿಯೂ ಬೀಳಲಿಲ್ಲ.

ನಗಬೇಡಿ. ಇದು ಕಂಪ್ಯೂಟರಿನಲ್ಲಿ ದಾಖಲಾದ ಮಳೆ.

ಅವತ್ತು ನಾನು ಶಿಗ್ಗಾಂವಿಯಿಂದ ಹೊರಟು ದುಂಡಸಿಯಲ್ಲಿ ಬಸ್ಸಿಳಿದಿದ್ದೆನಷ್ಟೆ. ಫೋನ್ ಬಂತು. ಸುಜಾತಾ. ನಾನು ಅಲ್ಲಿನ ಹೈಸ್ಕೂಲಿನಲ್ಲಿ ಟೀಚರಾಗಿದ್ದಾಗ ಮುಂದಿನ ಬೆಂಚಿನಲ್ಲಿ ಕೂತು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿ ನನ್ನ ಜೀವ ತಿನ್ನುತ್ತಿದ್ದ ಹುಡುಗಿ.

“ಟೀಚರ್, ನಮ್ಮೂರಾಗ ಮಳಿ ಹೊಡ್ಯಾಕತ್ತೈತೇನ್ರಿ?”

ನಾನು ಛತ್ರಿ ಹಿಡಿದಿದ್ದೆ, ಬಿಸಿಲಿಗೆ. “ಮಳಿನಾ? ಬಿಸಲಿಗೆ ತಲಿ ಸಿಡ್ಯಾಕತ್ತೈತಿ. ಯಾಕ ಸುಜಾತಾ?”

“ನಮ್ಮ ಹಿತ್ತಲದಾಗ ಜೋರು ಮಳಿ ಅಂತ ಆಫೀಸಿನ ಸರ್ ಫೋನ್ ಮಾಡಿದ್ರು. ನಾನು ಹಾನಗಲ್ಲದಾಗ ಮೀಟಿಂಗಿನ್ಯಾಗ ಅದೇನಿ. ಸ್ವಲ್ಪ ಮನಿಗೆ ಹೋಗಿ ನೋಡ್ರಿ ಟೀಚರ್.”

ನಾನು ಹೊರಟಿದ್ದೇ ಅವರ ಮನೆಗೆ. ಸುಜಾತಾಳ ಅವ್ವ ನೀಲವ್ವ, ಶಾಲೆಯಲ್ಲಿ ಬಿಸಿಯೂಟ ಮಾಡುವಾಕೆ, ‘ಇವತ್ತು ಊರಾಗ ಮಳಿ ಸಲುವಾಗಿ ಗುರ್ಜಿ ಐತ್ರಿ, ಊಟಕ್ಕ ಬರ್ರಿ’ ಎಂದು ಕರೆದಿದ್ದಳು.

ಮೊದಲು ಆ ಹಿತ್ತಲಲ್ಲಿ ಏನಿತ್ತು ಎಂದು ಹೇಳಬೇಕು. ಒಂದು ಕಂಬ, ಕಂಬದ ಮೇಲೆ ಬಿಳಿಯ ಡಬ್ಬಿ. ಮಳೆಮಾಪಕ. ಒಳಗೆ ಪುಟ್ಟ ತೊಟ್ಟಿಲಿನಂಥದ್ದು, ನೀರು ತುಂಬಿದಾಗ ವಾಲುತ್ತದೆ. ವಾಲಿದಾಗಲೆಲ್ಲ ಲೆಕ್ಕ ತಾನಾಗಿಯೇ ದೂರದ ಆಫೀಸಿಗೆ ಹೋಗುತ್ತದೆ (ಅದಕ್ಕೂ ಒಂದು ಸಿಮ್ ಇದೆ, ನಮ್ಮ ಹಾಗೆ). ಮಳೆಗಾಲ ಹೇಗೆ ಬದಲಾಗುತ್ತಿದೆ ಎಂದು ತಿಳಿಯಲು ಒಂದು ಸಂಶೋಧನಾ ಯೋಜನೆಯವರು ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಕೆಲವು ಊರುಗಳಲ್ಲಿ ಇಂಥ ಡಬ್ಬಿ ನೆಟ್ಟಿದ್ದರು. ನೋಡಿಕೊಳ್ಳಲು ಊರಿಗೊಬ್ಬರು ವಾಲಂಟಿಯರ್. ದುಂಡಸಿಗೆ ಸುಜಾತಾ.

ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿದ ಹುಡುಗಿ. ಏನು ಕೆಲಸ ಮಾಡುತ್ತೀ ಎಂದರೆ ‘ಹವಾಮಾನ ಬದಲಾವಣೆ’ ಎನ್ನುತ್ತಿದ್ದಳು. ‘ಹಂಗಾರ ನಾಳೆ ಮಳಿ ಬರ್ತೈತೇನ ಹೇಳು’ ಎಂದು ನೆಂಟರು ಗಂಟು ಬೀಳುತ್ತಿದ್ದರು. ‘ಅದು ಬ್ಯಾರೆ, ಇದು ಬ್ಯಾರೆ’ ಎಂದರೆ, ‘ನಾಳಿಂದೇ ಗೊತ್ತಿಲ್ಲ, ಇಪ್ಪತ್ತು ವರ್ಷದ ಮುಂದಿಂದು ಏನು ಹೇಳ್ತಿ?’ ಎಂದು ಹಲ್ಲು ಕಿರಿಯುತ್ತಿದ್ದರು.

ಈ ಅಂಕಣ ಓದುವ ಪಾಲಕರು ನನ್ನನ್ನೂ ಕೇಳುತ್ತಾರೆ, ‘ಕ್ಲೈಮೇಟ್ ಚೇಂಜ್ ಅಂತ ಓದಿದ್ರೆ ಕೆಲಸ ಸಿಗುತ್ತಾ ಮೇಡಂ?’ ಕೆಲಸಗಳಿವೆ, ಯಾಕಿಲ್ಲ? ಮಳೆ ಅಳೆಯುವವರು ಬೇಕು. ಮಣ್ಣು ನೋಡುವವರು ಬೇಕು. ಬಿತ್ತನೆ ಎಷ್ಟು ಹಿಂದೆ ಸರಿಯಿತು ಎಂದು ರೈತರ ಜತೆ ಕೂತು ಕೇಳುವವರು ಬೇಕು. ಇದನ್ನೆಲ್ಲ ಕಂಪ್ಯೂಟರಿಗೆ ಹಾಕಿ ಅರ್ಥ ಹುಡುಕುವವರಂತೂ ಬೇಕೇ ಬೇಕು. ಆದರೆ ಬಾಗಿಲಲ್ಲೇ ಕೇಳುತ್ತಾರೆ, ಅನುಭವ ಎಲ್ಲಿ? ಅನುಭವ ಬರುವುದು ಕೆಲಸದಿಂದ. ಕೆಲಸ ಸಿಗುವುದು ಅನುಭವದಿಂದ. ನಮ್ಮ ಹಳ್ಳಿಯ ಮಕ್ಕಳು ಒಳಗೆ ನುಸುಳಲು ಉಳಿದಿರುವ ಒಂದೇ ಕಿಂಡಿ ಈ ವಾಲಂಟಿಯರ್ ಎಂಬುದು.

ಸುಜಾತಾ ಹಿಡಿದಿದ್ದೂ ಅದನ್ನೇ. ಮಳೆಗಾಲ ಮುಗಿದ ಮೇಲೆ ಧಾರವಾಡದಲ್ಲಿ ಫೀಲ್ಡ್ ಅಸಿಸ್ಟೆಂಟ್ ಹುದ್ದೆಗೆ ಇಂಟರ್‌ವ್ಯೂ ಇತ್ತು. ಡಬ್ಬಿಯ ದಾಖಲೆ ಇಡೀ ಹಂಗಾಮು ಸರಿಯಾಗಿದ್ದರೆ ಅದೇ ಅವಳ ಅನುಭವ. ಬೆಳಿಗ್ಗೆ ಎದ್ದು ಮೊದಲು ಹಿತ್ತಲಿಗೆ ಹೋಗುತ್ತಿದ್ದಳು. ಡಬ್ಬಿಯ ಬಾಯಿಗೆ ಬಿದ್ದ ಬೇವಿನೆಲೆ ತೆಗೆಯುತ್ತಿದ್ದಳು, ಆಕಾಶದ ಫೋಟೊ ಕಳಿಸುತ್ತಿದ್ದಳು. ಜ್ವರ ಬಂದಾಗಲೂ ತಪ್ಪಿಸಲಿಲ್ಲ.

ಈ ವರ್ಷ ಮಳೆ ಮೊದಲು ಚೆನ್ನಾಗಿ ಬಂತು, ಬಿತ್ತಿಸಿತು, ಆಮೇಲೆ ಕೈಕೊಟ್ಟಿತು. ಗೋವಿನಜೋಳ ಮೊಣಕಾಲೆತ್ತರಕ್ಕೆ ಬಂದು ಸುರುಳಿ ಸುತ್ತತೊಡಗಿತು. ಆಗ ನಮ್ಮ ಕಡೆ ಗುರ್ಜಿ ಮಾಡುತ್ತಾರೆ. ರೊಟ್ಟಿಯ ಹಂಚಿನ ಮೇಲೆ ಸೆಗಣಿಯಲ್ಲಿ ಮಾಡಿದ ಗುರ್ಜಿಯ ಗೊಂಬೆ ಕೂರಿಸಿ, ಗರಿಕೆ ಚುಚ್ಚಿ, ಒಬ್ಬ ತಲೆಯ ಮೇಲೆ ಹೊತ್ತು ಮನೆಮನೆಗೆ ಬರುತ್ತಾನೆ. ಹೆಂಗಸರು ಅದರ ಮೇಲೆ ಕೊಡದಿಂದ ನೀರು ಸುರಿಯುತ್ತಾರೆ. ಹೊತ್ತವನು ಗಿರಗಿರ ತಿರುಗುತ್ತಾನೆ. ಸುರಿದ ನೀರು ಮೇಲಿನವನಿಗೆ ಮಳೆಯ ನೆನಪು ತರಲಿ ಎಂದು.

ನಾನು ಹೋಗುವ ಹೊತ್ತಿಗೆ ಗುರ್ಜಿ ಮುಂದಿನ ಓಣಿಗೆ ದಾಟಿತ್ತು. ನೀಲವ್ವನ ಹಿತ್ತಲಲ್ಲಿ ಮಾತ್ರ ನಾಲ್ಕೈದು ಹೆಂಗಸರು ಸೀರೆ ಎತ್ತಿಕಟ್ಟಿ ನಗುತ್ತ ನಿಂತಿದ್ದರು. ಬಿಳಿಯ ಡಬ್ಬಿಗೆ ಅರಿಶಿನ, ಕುಂಕುಮ. ಅಂಚಿಗೆ ಗರಿಕೆ. ನೀಲವ್ವ ಸ್ಟೂಲಿನ ಮೇಲೆ ನಿಂತು ಅದರ ಬಾಯಿಗೆ ಕೊಡದಿಂದ ನೀರು ಬಗ್ಗಿಸುತ್ತಿದ್ದಳು.

“ಬರ್ರಿ ಅಕ್ಕೋರ. ಛಲೋ ಟೈಮಿಗೆ ಬಂದ್ರಿ. ನೀವೂ ಒಂದು ತಂಬಿಗಿ ಹಾಕ್ರಿ.”

“ನೀಲವ್ವಾ! ಗುರ್ಜಿಗೆ ಹಾಕೂದು ಬಿಟ್ಟು ಇದಕ್ಕ ಯಾಕ ಹಾಕಾಕತ್ತಿ?”

“ಗುರ್ಜಿಗೆ ಊರ ಸಲುವಾಗಿ ಹಾಕಿದ್ವಿರಿ. ಇದಕ್ಕ ನನ್ನ ಮಗಳ ಸಲುವಾಗಿ.”

ಕೊಡ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಗುಟ್ಟು ಹೇಳುವಂತೆ ನನ್ನ ಹತ್ತಿರ ಬಂದಳು. “ದಿನಾ ಕೇಳ್ತೇನ್ರಿ ಆಕಿನ್ನ, ಇವತ್ತೆಷ್ಟು ಬಂತವ್ವಾ ಅಂತ. ಸೊನ್ನಿ ಅಂತಾಳ. ಮರುದಿನಾನೂ ಸೊನ್ನಿ. ದಿನಾ ಸೊನ್ನಿ ಕಳಿಸಿದ್ರ ಯಾರು ಕೆಲಸಾ ಕೊಡ್ತಾರ್ರಿ? ನಮ್ಮ ಸಾಲಿಯಾಗ ಸೊನ್ನಿ ಬಂದ ಮಕ್ಕಳು ಊಟದ ತಾಟು ಮುಂದಿಟ್ಕೊಂಡು ಅಳತಾವು. ಕಣ್ಣಾರೆ ನೋಡೇನಿ. ಮಳಿ ಬರಲಿಲ್ಲಂದ್ರ ಅದರಾಗ ನನ್ನ ಕೂಸಿನ ತಪ್ಪೇನೈತ್ರಿ?”

ಆ ಹೆಂಗಸು ಮಗಳ ಮಾರ್ಕ್ಸ್ ಹೆಚ್ಚಿಸಲು ನೀರು ಹೊತ್ತಿದ್ದಳು, ಅದೂ ನಲ್ಲಿಯಲ್ಲಿ ವಾರಕ್ಕೊಮ್ಮೆ ನೀರು ಬರುವ ದಿನಗಳಲ್ಲಿ.

ಮಧ್ಯಾಹ್ನದ ಬಸ್ಸಿಗೆ ಸುಜಾತಾ ಬಂದಳು. ನೇರ ಹಿತ್ತಲಿಗೆ ಹೋದಳು. ಡಬ್ಬಿಯ ಮೇಲಿನ ಕುಂಕುಮ ನೋಡಿದಳು. ಎಲ್ಲವೂ ಅರ್ಥವಾಯಿತೆಂದು ಮುಖವೇ ಹೇಳಿತು. ನೀಲವ್ವ ಬಾಗಿಲಲ್ಲಿ ನಿಂತು, “ಇವತ್ತು ಸೊನ್ನಿ ಇಲ್ಲಲ್ಲ?” ಎಂದಳು.

“ಇಲ್ಲವ್ವಾ,” ಎಂದಳು ಮಗಳು.

ಅಷ್ಟೇ. ಬೈಯಲಿಲ್ಲ. ಕೂಗಲಿಲ್ಲ. ಗುರ್ಜಿಗೆಂದು ಮನೆಮನೆಯಿಂದ ಬಂದ ಜೋಳದಲ್ಲಿ ಮಾಡಿದ ನುಚ್ಚು ಸಾರು ನಮ್ಮ ಜತೆ ಕೂತು ಉಂಡಳು. ಅವ್ವ ಇನ್ನಷ್ಟು ಬಡಿಸಿದರೆ ಬೇಡವೆನ್ನಲಿಲ್ಲ.

ಊಟವಾದ ಮೇಲೆ ಕಟ್ಟೆಗೆ ಬಂದು ಆಫೀಸಿನವರಿಗೆ ಫೋನ್ ಮಾಡಿ, ಅದು ಮಳೆಯಲ್ಲ ಎಂದಳು. ಸ್ಪೀಕರ್ ಹಾಕಿದ್ದಳು, ನಾನೂ ಕೇಳಿಸಿಕೊಂಡೆ. ಆ ಸರ್ ಒಳ್ಳೆಯವರು. “ಡಬ್ಬಿ ತೊಳೆಯುವಾಗ ನೀರು ಬಿತ್ತು ಅಂತ ಬರೀರಿ. ಆ ಒಂದು ದಿನ ಬಿಟ್ಟುಬಿಡೋಣ. ಬೇರೆಯವರು ನೀರು ಹಾಕಿದರು ಅಂದರೆ ಆ ಜಾಗದ ಮೇಲೆ ನಂಬಿಕೆ ಹೋಗುತ್ತೆ, ಇಡೀ ಹಂಗಾಮಿನ ಲೆಕ್ಕ ತೆಗೀಬೇಕಾಗುತ್ತೆ. ಯೋಚಿಸಿ,” ಎಂದರು.

ಸುಜಾತಾ ಫೋನನ್ನು ಬಾಯಿಯ ಹತ್ತಿರ ತಂದಳು. “ತೊಳೀಲಿಲ್ರಿ ಸರ್. ನೀರು ಹಾಕ್ಯಾರ.”

ನನಗೆ ಸಿಟ್ಟು ಬಂತು. ಒಂದು ಮಾತು ಹೇಳಿದ್ದರೆ ಏನು ಗಂಟು ಹೋಗುತ್ತಿತ್ತು? ಅವಳು ಫೋನ್ ಇಟ್ಟ ಮೇಲೆ ಕೇಳಿಯೇಬಿಟ್ಟೆ.

“ಟೀಚರ್, ಅವರಿಗೆ ಬೇಕಾಗಿದ್ದು ಆ ಸೊನ್ನಿನೇ. ಮಳಿ ನಡುವ ಎಷ್ಟು ದಿನಾ ನಿಲ್ಲತೈತಿ, ಅದನ್ನೇ ಅವರು ಹುಡುಕಾಕತ್ತಾರ. ಒಂದು ದಿನಾ ನಾನು ಸುಳ್ಳು ಬರದ್ರ, ನನ್ನ ಉಳಿದ ಸೊನ್ನಿ ಖರೇ ಅಂತ ನಾನು ಹೆಂಗ ಹೇಳಲಿ?”

ಅವ್ವನಿಗೆ ಮಾತ್ರ ಹೇಳಬೇಡಿ ಎಂದು ಕೈ ಹಿಡಿದುಕೊಂಡಳು. ಆಗ ಅತ್ತಳು. ಒಳಗೆ ನೀಲವ್ವ ಪಾತ್ರೆ ತೊಳೆಯುವ ಸದ್ದು ನಿಲ್ಲುವವರೆಗೆ ಅತ್ತಳು.

ಮುಂದಿನ ವಾರ ಜೀಪು ಬಂತು. ಕಂಬ ಕಿತ್ತರು, ಡಬ್ಬಿ ಒಯ್ದರು. ಇಂಟರ್‌ವ್ಯೂಗೆ ಸುಜಾತಾ ಹೋದಳು. ‘ನಿಮ್ಮ ಸ್ಟೇಷನ್ ದಾಖಲೆ ಲೆಕ್ಕದಲ್ಲಿ ಇಲ್ಲವಲ್ಲ’ ಎಂದರಂತೆ. ತಿಳವಳ್ಳಿಯ ಒಬ್ಬ ಹುಡುಗನಿಗೆ ಕೆಲಸ ಸಿಕ್ಕಿತು. ಅವನು ಚೆನ್ನಾಗಿ ಮಾಡಿದ್ದನೆಂದು ಇವಳೇ ಹೇಳಿದಳು. ಈಗ ತಡಸದ ಒಂದು ಖಾಸಗಿ ಶಾಲೆಗೆ ವಿಜ್ಞಾನ ಹೇಳಲು ಹೋಗುತ್ತಾಳೆ. ಡಬ್ಬಿಯ ಮಾತೆತ್ತಿದರೆ ಬೇರೆ ಮಾತು ತೆಗೆಯುತ್ತಾಳೆ.

ಯಾರನ್ನು ಬೈಯೋಣ? ನಿಯಮ ತಪ್ಪೇ? ಅಲ್ಲ. ಸುಳ್ಳು ಮಳೆ ಸೇರಿದ ಲೆಕ್ಕ ಯಾರಿಗೆ ಬೇಕು? ನೀಲವ್ವನದು ತಪ್ಪೇ? ಹಾಗೆನ್ನಲು ನನಗೆ ನಾಲಿಗೆ ಏಳುವುದಿಲ್ಲ. ಆದರೆ ಒಂದು ಮಾತು ಹೇಳುತ್ತೇನೆ. ಯೋಜನೆಯವರು ಬಂದರು, ಗುಂಡಿ ತೋಡಿದರು, ಕಂಬ ನೆಟ್ಟರು, ವಾಲಂಟಿಯರಿಗೆ ಟ್ರೇನಿಂಗ್ ಕೊಟ್ಟು ಟೀ ಕುಡಿಸಿದರು. ಆ ಹಿತ್ತಲಿನ ಯಜಮಾನತಿಯ ಹತ್ತಿರ ಕೂತು, ‘ಅವ್ವಾರ, ಇದರಾಗ ಸೊನ್ನಿ ಬಂದ್ರೂ ನಿಮ್ಮ ಮಗಳು ಪಾಸ’ ಎಂದು ಒಬ್ಬರಾದರೂ ಹೇಳಿದರೇ? ಆಕಾಶದ ಸಂಶೋಧನೆ ಮಾಡುವವರಿಗೆ ಅಡುಗೆಮನೆಯ ಬಾಗಿಲು ಅಷ್ಟು ದೂರವೇ?

(ಹೆಸರುಗಳನ್ನು ಬದಲಿಸಿದ್ದೇನೆ. ನೀಲವ್ವ ಪತ್ರಿಕೆ ಓದುವುದಿಲ್ಲ. ಗುರುತು ಹತ್ತಿದವರು ದಯವಿಟ್ಟು ಅವಳಿಗೆ ಓದಿ ಹೇಳಬೇಡಿ.)

ಮೊನ್ನೆ ರವಿವಾರ ಮತ್ತೆ ಹೋಗಿದ್ದೆ. ಸುಜಾತಾ ಒಳಗೆ ಶಾಲೆಯ ಉತ್ತರಪತ್ರಿಕೆ ತಿದ್ದುತ್ತಿದ್ದಳು. ನೀಲವ್ವ ನನ್ನನ್ನು ಬಸ್ ಸ್ಟ್ಯಾಂಡಿನ ತನಕ ಬಿಡಲು ಬಂದಳು. ಬಸ್ಸು ಕಾಣಿಸಿದಾಗ ನನ್ನ ಚೀಲ ಕೈಗೆ ಕೊಡುತ್ತ ಮೆಲ್ಲಗೆ ಕೇಳಿದಳು:

“ಅಕ್ಕೋರ, ಖರೇ ಹೇಳ್ರಿ. ಅವತ್ತು ನಾನು ಇನ್ನೊಂದೆರಡು ಕೊಡ ಹಾಕಿದ್ರ ಆಕಿಗೆ ಕೆಲಸಾ ಸಿಗ್ತಿತ್ತಲ್ರಿ?”