ಮೆಟ್ಟಿಲು ಮುಚ್ಚಿಸಿದ ಮುತ್ಯಾ

ಮೊನ್ನೆ ಸೊಸೆ ಎಕ್ಕೆ ಎಲೆಗೆ ಔಡಲೆಣ್ಣೆ ಸವರಿ, ಹೆಂಚಿನ ಮೇಲೆ ಬೆಚ್ಚಗೆ ಮಾಡಿ ತಂದಳು. ನನ್ನ ಮೊಣಕಾಲಿನ ಮೇಲೆ ಇದು ಆಕೆಯ ಹೊಸ ಪ್ರಯೋಗ. ಮಾತ್ರೆ, ಮುಲಾಮು, ಬಿಸಿನೀರಿನ ಚೀಲ ಎಲ್ಲ ಮುಗಿದು ಈಗ ಬೇಲಿಯ ಗಿಡಕ್ಕೆ ಬಂದು ನಿಂತಿದ್ದೇವೆ. ಎಲೆ ಇನ್ನೂ ಕಾಲಿಗೆ ತಾಗಿರಲಿಲ್ಲ, ಆ ಘಾಟು ವಾಸನೆ ಮೂಗಿಗೆ ಬಡಿಯಿತು. ಅಷ್ಟೇ... ನಾನು ಚಿತ್ತಾಪುರದ ಓಣಿಯಲ್ಲಿದ್ದೆ, ಎದುರುಮನೆಯ ಒಳಕೋಣೆಯಲ್ಲಿ. ಬಾಗಿಲ ಆಚೆ ಮುತ್ಯಾ ಕೂತಿದ್ದರು.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು ಅವು. ಚಿಂಚೋಳಿ ಕಡೆಯಿಂದ ಮದುವೆಯಾಗಿ ಬಂದ ನನಗೆ ಆ ಊರಿನಲ್ಲಿ ಮೊದಲು ಪರಿಚಯವಾದ ದನಿ ಎದುರುಮನೆಯ ಮುತ್ಯಾನದು. ನಮ್ಮ ಕಡೆ ಅಜ್ಜನನ್ನು ಮುತ್ಯಾ ಎನ್ನುತ್ತೇವೆ. ಅವರು ಇಡೀ ಓಣಿಗೆ ಮುತ್ಯಾ. ಹೊಲ ಬೇಕಾದಷ್ಟಿತ್ತು, ತೊಗರಿಯ ವ್ಯಾಪಾರವೂ ಇತ್ತು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಕಟ್ಟೆಯ ಮೇಲೆ ಕೂತರೆಂದರೆ ಮಧ್ಯಾಹ್ನದ ಊಟದವರೆಗೆ ಲೋಕದ ವಿಚಾರಣೆ. ನಮ್ಮ ಮನೆಯವರು ಉರ್ದು ಶಾಲೆಯ ಮಾಸ್ತರರು, ಪತ್ರಿಕೆ ಓದುವವರು, ಹೊಸ ಮಾತಿಗೆ ಬೇಗ ಒಲಿಯುವವರು. ಅವರಿಗೂ ಮುತ್ಯಾನಿಗೂ ದಿನಾ ಒಂದಿಲ್ಲೊಂದು ತಕರಾರು. ನಾನು ಬಾಗಿಲ ಸಂದಿಯಿಂದ ಕೇಳುತ್ತ ಜೋಳ ಹಸನು ಮಾಡುತ್ತಿದ್ದೆ.

ಮುತ್ಯಾನಿಗೆ ಸರ್ಕಾರ ಎಂದರೆ ಸಿಟ್ಟಿಲ್ಲ, ನಂಬಿಕೆಯಿಲ್ಲ ಅಷ್ಟೇ. ಆಳುವವನಿಗೆ ಅವನ ಪಾಲು ಕೊಡಬೇಕು, ಆಮೇಲೆ ಅವನು ನಮ್ಮ ಹೊಸ್ತಿಲು ತುಳಿಯಬಾರದು ಎಂಬುದು ಅವರ ರಾಜಕೀಯ. ಮನೆಪಟ್ಟಿ, ಅಂದರೆ ಮನೆಯ ತೆರಿಗೆ, ಏರಿಸುವ ಮಾತು ಬಂದರೆ ಮುಖ ಹುಳಿಯಾಗುತ್ತಿತ್ತು. ತಾ ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು ಎಂಬ ಗಾದೆ ಹೇಳಿ, ಇನ್ನು ಸರ್ಕಾರ ಮಾಡಿದ್ದಕ್ಕೆ ಗಾದೆಯೇ ಹುಟ್ಟಿಲ್ಲ ಎಂದು ಸೇರಿಸುತ್ತಿದ್ದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಜೋಳಕ್ಕೆ ತತ್ವಾರವಾಗಿ, ಬಡವರಿಗೆ ಪುಕ್ಕಟೆ ಗಂಜಿ ಹಾಕಬೇಕೆಂಬ ಮಾತು ಎದ್ದಾಗ ಅವರು ಒಪ್ಪಲಿಲ್ಲ. ಪುಕ್ಕಟೆ ಉಂಡವನ ಬೆನ್ನು ಬಾಗುತ್ತದೆ ಎಂದರು. ಹಾಗೆಂದು ಅವರ ಹಿತ್ತಲ ಬಾಗಿಲಿಗೆ ಬಂದವರು ಬರಿಗೈಲಿ ಹೋಗಲಿಲ್ಲ. ಮೊದಲು ಕಾಯಕ, ಆಮೇಲೆ ದಾಸೋಹ. ಕೊಡಲು ಕೆಲಸವಿಲ್ಲದಿದ್ದರೆ ಹಿತ್ತಲಿನ ಕಲ್ಲಿನ ಗುಪ್ಪೆಯನ್ನು ಈ ಮೂಲೆಯಿಂದ ಆ ಮೂಲೆಗೆ ಹೊರಿಸುವುದು, ಮರುದಿನ ಬಂದವನಿಂದ ಆ ಮೂಲೆಯಿಂದ ಈ ಮೂಲೆಗೆ. ಆ ಕಲ್ಲುಗಳು ತಿರುಗಿದಷ್ಟು ನಮ್ಮ ಊರಿನ ಯಾವ ಜಂಗಮನೂ ತಿರುಗಿರಲಿಕ್ಕಿಲ್ಲ ಎಂದು ನಮ್ಮ ಮನೆಯವರು ನಗುತ್ತಿದ್ದರು.

ಓಣಿಯ ತುದಿಯ ಬಾವಿ ಮುತ್ಯಾನ ಅಜ್ಜ ಕಟ್ಟಿಸಿದ್ದು. ನೀರಿನವರೆಗೆ ಅಗಲವಾದ ಕಲ್ಲಿನ ಮೆಟ್ಟಿಲು. ಕೊಡ ಹಿಡಿದು ಇಳಿದು, ನೀರಲ್ಲಿ ಕಾಲಿಟ್ಟು ತುಂಬಿಕೊಂಡು ಬರುವುದು. ಯಾರು ಬೇಕಾದರೂ ಇಳಿಯಲಿ ಎಂದು ಕಟ್ಟಿಸಿದ್ದಂತೆ. ಯಾರು ಬೇಕಾದರೂ ಎಂದರೆ ಎಲ್ಲರೂ ಅಲ್ಲ. ಊರಾಚೆಯ ಕೇರಿಯವರು ದೂರ ನಿಂತು, ಯಾರಾದರೂ ಎತ್ತಿ ಹುಯ್ಯಲಿ ಎಂದು ಕಾಯುತ್ತಿದ್ದರು. ಸತ್ತವರನ್ನು ಹೊಗಳುವಾಗ ಇಂಥದ್ದು ಬಿಟ್ಟುಹೋಗುತ್ತದೆ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಆ ನೀರಿನ ಜೊತೆಗೇ ನಮಗೆ ನಾರುಹುಣ್ಣೂ ಇತ್ತು. ಈಗಿನವರು ಅದನ್ನು ಕಂಡಿಲ್ಲ, ಪುಣ್ಯವಂತರು. ಕಾಲಲ್ಲಿ ಬೊಕ್ಕೆ ಎದ್ದು ಒಡೆದು, ದಾರದಂಥ ಹುಳು ತಲೆ ಹೊರಗೆ ಹಾಕುತ್ತದೆ. ಅದನ್ನು ಕಡ್ಡಿಗೆ ಸುತ್ತಿ, ದಿನಕ್ಕೆ ಇಷ್ಟಿಷ್ಟೇ ಎಳೆಯಬೇಕು. ಒಳಗೆ ಹರಿಯಿತೋ, ಕಾಲು ಹೋಯಿತು. ಕೆಲವೊಮ್ಮೆ ಜೀವವೂ. ಮುತ್ಯಾನ ಕೈ ಇದರಲ್ಲಿ ಪಳಗಿದ್ದು. ಬೆಚ್ಚನೆಯ ಎಕ್ಕೆ ಎಲೆ ಕಟ್ಟಿ ಹದ ಮಾಡಿ, ಮಗುವಿನ ಜಡೆ ಬಿಚ್ಚುವಷ್ಟು ಮೆತ್ತಗೆ ಸುತ್ತುತ್ತಿದ್ದರು. ಯಾರಿಂದಲೂ ಒಂದು ವೀಳ್ಯದೆಲೆ ತೆಗೆದುಕೊಂಡವರಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ, ಅವರಿಗೆ ಮಾತ್ರ ಹಿತ್ತಲ ಗಿಡವೊಂದೇ ಮದ್ದು. ಉರಿ ತಾಳದವರಿಗೆ ಬಾವಿಯ ಕೊನೆಯ ಮೆಟ್ಟಿಲಲ್ಲಿ ಕೂತು ತಂಪು ನೀರಲ್ಲಿ ಕಾಲು ಬಿಡಲು ಹೇಳುತ್ತಿದ್ದರು. ಹುಣ್ಣಿನವರು ಹಾಗೆ ಕೂರುತ್ತಿದ್ದರು, ಪಕ್ಕದಲ್ಲೇ ನಾವು ಕುಡಿಯುವ ನೀರು ತುಂಬಿಕೊಳ್ಳುತ್ತಿದ್ದೆವು. ಯಾರಿಗೂ ಅದು ತಪ್ಪೆನಿಸಲಿಲ್ಲ.

ಯುದ್ಧ ಮುಗಿದ ಮೇಲೆ ಊರಿನ ಕಮಿಟಿಗೆ ಚುನಾವಣೆ ಬಂತು. ಪಟ್ಟಿ ಕಟ್ಟುವ ಗಂಡಸರ ಮತ, ನಮ್ಮಂಥವರದು ಬಾಗಿಲ ಸಂದಿಯ ಮತ. ಒಬ್ಬ ಅಭ್ಯರ್ಥಿ ಕಲಬುರಗಿಯಲ್ಲಿ ಓದಿ ಬಂದ ಎಳೆಯ ವಕೀಲ, ಇನ್ನೊಬ್ಬ ಕಟ್ಟಿಗೆ ಅಡ್ಡೆಯ ಸಾಹುಕಾರ. ವಕೀಲ ಮುತ್ಯಾನ ಕಟ್ಟೆಗೇ ಬಂದು, ಹುಣ್ಣಿನ ಕಾಲಿನಿಂದ ಹುಳುವಿನ ಬೀಜ ನೀರಿಗೆ ಬೀಳುತ್ತದೆ, ಅದನ್ನೇ ಕುಡಿಯುತ್ತೇವೆ, ಮೆಟ್ಟಿಲು ಮುಚ್ಚಿ ಮೇಲಿನಿಂದ ನೀರು ಸೇದಲು ಗಾಲಿ ಹಾಕಿಸಬೇಕು, ಅದಕ್ಕೆ ಪಟ್ಟಿ ಸ್ವಲ್ಪ ಏರಿಸಬೇಕು, ದವಾಖಾನೆಗೂ ಔಷಧ ತರಿಸಬೇಕು ಎಂದು ವಿವರಿಸಿದ. ಮುತ್ಯಾ ಪೂರ್ತಿ ಕೇಳಿಸಿಕೊಂಡರು.

"ವಕೀಲರ, ನಮ್ಮ ಅಜ್ಜ ಮೆಟ್ಟಲಾ ಯಾಕ ಕಟ್ಟಿಸ್ಯಾನ ಗೊತ್ತದೇನು? ಹಗ್ಗ ಇಲ್ದವ ಹಗ್ಗ ಇದ್ದವನ ಮುಂದ ಕೈ ಒಡ್ಡಬಾರದು ಅಂತ. ನೀವು ಮೆಟ್ಟಲಾ ಮುಚ್ಚತೀರಿ, ಆಮ್ಯಾಲ ಹಗ್ಗಕ್ಕೂ ಪಟ್ಟಿ ಹಾಕ್ತೀರಿ" ಎಂದರು.

ವಕೀಲ ಎದ್ದು ಮುಂದಿನ ಮನೆಗೆ ಹೊರಟ. ಅವನು ಹೋದ ಮೇಲೆ ಮುತ್ಯಾ ಸೇರಿದವರಿಗೆ ಹೇಳಿದ್ದು ಇಷ್ಟೇ: "ಕೊಡ್ತೀನಿ ಅನ್ನಾವಂಗ ಮೊದಲ ಕೇಳ್ರಿ, ಯಾರ ಮನೀದು ಕೊಡ್ತಿ ಅಂತ." ಪಟ್ಟಿ ಏರಿಸುವುದಿಲ್ಲ ಎಂದು ಸಾಹುಕಾರ ಆಣೆ ಮಾಡಿದ್ದ. ಓಣಿಯ ಹೆಚ್ಚಿನ ಮತ ಅವನಿಗೇ ಬಿತ್ತು. ವಕೀಲನ ಪರವಿದ್ದ ನಮ್ಮ ಮನೆಯವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಗೆದ್ದ ಸಾಹುಕಾರ ವರ್ಷ ತುಂಬುವುದರೊಳಗೆ ಪಟ್ಟಿ ಏರಿಸಿದ. ಬಾವಿ ಹಾಗೇ ಉಳಿಯಿತು. ಇಂಥವು ಆಮೇಲೆ ಎಷ್ಟು ನೋಡಿದೆನೋ... ಈಗ ನಗಲಿಕ್ಕೂ ಬೇಸರ.

ಮುಂದಿನ ಬೇಸಿಗೆಯಲ್ಲೇ ಮುತ್ಯಾನ ಸೊಸೆಯ ಕಾಲಲ್ಲಿ ಬೊಕ್ಕೆ ಎದ್ದಿತು. ನನ್ನ ವಾರಿಗೆಯವಳು, ನನ್ನ ಗೆಳತಿ. ಗಂಡ ವಾಡಿಯಲ್ಲಿ ರೈಲ್ವೆ ನೌಕರ, ರಜೆ ಸಿಕ್ಕಾಗ ಬರುವವನು. ಮನೆಯಲ್ಲಿ ಆಕೆ, ಮುತ್ಯಾ, ಮತ್ತೆ ಮುತ್ಯಾನ ಹೆಂಡತಿ. ಆಕೆಯನ್ನು ನಾವೆಲ್ಲ ಆಯಿ ಎನ್ನುತ್ತಿದ್ದೆವು. ಊರಿಗೆಲ್ಲ ನಾರು ತೆಗೆದ ಕೈ ಮನೆಯಲ್ಲೇ ಇತ್ತು. ಆದರೆ ಮಾವನಾದವನು ಸೊಸೆಯ ಕಾಲು ಮುಟ್ಟುವುದುಂಟೆ? ಮುತ್ಯಾ ಬಾಗಿಲ ಆಚೆ ಗೋಡೆಗೆ ಒರಗಿ ಕೂತು ಹೇಳುವುದು, ಈಚೆ ಕಣ್ಣು ಮಂಜಾದ ಆಯಿ ಕಡ್ಡಿ ತಿರುಗಿಸುವುದು. ಎಲೆ ಬೆಚ್ಚಗೆ ಮಾಡಿ ಕೊಡುವುದು ನನ್ನ ಕೆಲಸ. ಇನ್ನೊಂದು ಚೂರು, ಸಾಕು, ಇವತ್ತಿಗೆ ಬಿಡು ಎಂದು ಆಚೆಯಿಂದ ದನಿ ಬರುತ್ತಿತ್ತು. ಕಾಣದೆಯೂ ಅವರಿಗೆ ಹುಳುವಿನ ಬಿಗಿ ತಿಳಿಯುತ್ತದೆಯೇನೋ ಎಂದು ನನಗೆ ಬೆರಗಾಗುತ್ತಿತ್ತು. ತಿಳಿಯುತ್ತಿರಲಿಲ್ಲ. ಒಂದು ದಿನ ಆಯಿಯ ಕೈ ಹದ ತಪ್ಪಿತು, ಹುಳು ಹರಿದು ಒಳಗೆ ಹೋಯಿತು. ಹರಿಯಿತು ಎಂದು ಆಯಿ ಹೇಳಿದಾಗ ಬಾಗಿಲ ಆಚೆ ಮುತ್ಯಾ ಎದ್ದು ನಡೆದುಹೋದ ಸದ್ದು ಕೇಳಿತು...

ಕಾಲು ತೊಡೆಯವರೆಗೆ ಬಾತಿತು. ಜ್ವರದಲ್ಲಿ ಆಕೆಗೆ ನನ್ನ ಗುರುತು ಹತ್ತಲಿಲ್ಲ. ದವಾಖಾನೆ ಎಂದರೆ ಮನೆಯಿಲ್ಲದವರು ಹೋಗುವ ಜಾಗ ಎಂಬ ಹಳೆಯ ಮಾತನ್ನೇ ಮುತ್ಯಾ ಆಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ತಲೆಯ ಮೇಲೆ ಸೆರಗು ಎಳೆದುಕೊಂಡು ಹೋಗಿ, ಓಣಿಯ ಯಾವ ಸೊಸೆಯೂ ಮಾತಾಡಿರದ ರೀತಿಯಲ್ಲಿ, ನೇರ ಅವರೆದುರಿಗೇ ನಿಂತು ದವಾಖಾನೆಗೆ ಒಯ್ಯಿರಿ ಎಂದೆ.

"ಪರ ಗಂಡಸು ಮನಿ ಹೆಣ್ಣಮಗಳ ಕಾಲು ಹಿಡೀತಾನಲ್ಲವ್ವ" ಎಂದರು. ಸಿಟ್ಟಿನ ದನಿಯಲ್ಲ, ಸೋತ ದನಿ.

"ಹಿಡೀಲಿ ಮುತ್ಯಾ. ಕಾಲು ಉಳದ್ರ ತಾನ ಹಿಡಿಯೋದು?" ಎಂದೆ.

ಅವರು ತಲೆಗೆ ರುಮಾಲು ಸುತ್ತಿಕೊಂಡರು. ಆಮೇಲೆ ಎದ್ದು ಬಂಡಿ ಹೂಡಲು ಹೇಳಿದರು. ಡಾಕ್ಟರು ಬಾವು ಕೊಯ್ದು ಕೀವು ತೆಗೆದರು. ಜೀವ ಉಳಿಯಿತು. ಮೊಣಕಾಲು ಮಾತ್ರ ಮತ್ತೆ ಮಡಿಚಲಿಲ್ಲ. ಹೊತ್ತು ಗೊತ್ತಿಲ್ಲದೆ ಕುಣಿಯುತ್ತ ಬಾವಿಗೆ ಇಳಿಯುತ್ತಿದ್ದ ಹುಡುಗಿ ಅಂದಿನಿಂದ ಗೋಡೆ ಹಿಡಿದು ನಡೆದಳು. ನನಗೆ ಮುತ್ಯಾನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ, ಎಷ್ಟೋ ದಿನ ಅವರ ಕಟ್ಟೆಯ ಕಡೆ ತಿರುಗಿ ನೋಡಲಿಲ್ಲ.

ಮಳೆಗಾಲ ಮುಗಿದ ಮೇಲೆ ಶಹಾಬಾದಿನಿಂದ ಬಂಡಿಗಳಲ್ಲಿ ಹಾಸುಗಲ್ಲು, ನಮ್ಮ ಕಡೆಯ ಫರಸಿ, ಬಂದವು. ಯಾರ ಮನೆಗೆ ಎಂದು ಎಲ್ಲರೂ ಕೇಳಿದೆವು. ಬಂಡಿಗಳು ಬಾವಿಯ ಹತ್ತಿರ ನಿಂತವು. ಮುತ್ಯಾ ಒಬ್ಬರೇ ಕೊನೆಯ ಮೆಟ್ಟಿಲವರೆಗೆ ಇಳಿದು, ಬೊಗಸೆ ನೀರು ಕಣ್ಣಿಗೆ ಹಚ್ಚಿಕೊಂಡು ಮೇಲೆ ಬಂದರು. ಆಮೇಲೆ ಗೌಂಡಿಗಳಿಗೆ ಕೆಲಸ ಸುರು ಮಾಡಲು ಹೇಳಿದರು. ಮೆಟ್ಟಿಲಿನ ಬಾಯಿಗೆ ಫರಸಿ ಜೋಡಿಸಿ ಗಚ್ಚು ಹಾಕಿದರು, ಸುತ್ತ ಕಟ್ಟೆ ಎಬ್ಬಿಸಿ ಗಾಲಿ ಕೂಡಿಸಿದರು. ಖರ್ಚೆಲ್ಲ ಮುತ್ಯಾನದೇ. ಕೆಟ್ಟ ಮೇಲೆ ಬುದ್ಧಿ ಬಂತು ಎಂದು ಓಣಿ ಆಡಿಕೊಂಡಿತು. ಸೋತ ವಕೀಲನೂ ಬಂದು, ಕಡೆಗೂ ನಮ್ಮ ಮಾತಿಗೆ ಬಂದಿರಿ ಎಂದು ಕೈ ಮುಗಿದ.

"ನಿಮ್ಮ ಮಾತಿಗಿ ಬಂದಿಲ್ಲ ನಾ. ನಮ್ಮ ಅಜ್ಜ ಕಟ್ಟಿಸಿದ್ದು, ನಾ ಮುಚ್ಚಿಸೀನಿ. ಪಟ್ಟಿ ಏರಸ್ತೀನಿ ಅಂದ್ರ ಈಗೂ ಬ್ಯಾಡ ಅಂತೀನಿ" ಎಂದರು ಮುತ್ಯಾ.

ಗಾಲಿಗೆ ಒಂದು ಪುಂಡಿ ನಾರಿನ ಹಗ್ಗ, ಒಂದು ಬಕೀಟು ಸದಾ ಇರುವಂತೆ ಕಟ್ಟಿದರು. ಹಗ್ಗ ಸವೆಯುವ ಮೊದಲೇ ಹೊಸದು ತಾವೇ ಹೊಸೆಯುತ್ತಿದ್ದರು. ಹಗ್ಗವಿಲ್ಲದವನು ಕೈ ಒಡ್ಡಬಾರದು ಎಂಬ ಅಜ್ಜನ ಮಾತು ಅವರಿಗೆ ಅಷ್ಟು ದೊಡ್ಡದು. ಕೇರಿಯವರು ಮಾತ್ರ ಆ ಹಗ್ಗವನ್ನೂ ಮುಟ್ಟುವಂತಿರಲಿಲ್ಲ, ಅದು ಮುತ್ಯಾನಿಗೆ ಹೊಳೆಯಲೂ ಇಲ್ಲ.

ಓಣಿ ನಿಜಕ್ಕೂ ಬಾಯಿಗೆ ಸೆರಗು ಹಿಡಿದದ್ದು ಬೇರೆಯದಕ್ಕೆ. ನಮ್ಮಲ್ಲಿ ಗಂಡಸರು ಮನೆಗೆ ನೀರು ತರುವುದಿಲ್ಲ, ಅದೂ ಅಂಥ ಮನೆಯ ಯಜಮಾನ. ಮುತ್ಯಾ ದಿನಾ ನಸುಕಿನಲ್ಲಿ ಕೊಡ ಹೆಗಲ ಮೇಲೆ ಹೊತ್ತು ತಂದು, ಅಡುಗೆಮನೆಯ ಹೊಸ್ತಿಲಲ್ಲಿ ಇಳಿಸಿ, ಒಮ್ಮೆ ಕೆಮ್ಮಿ ಹೊರಟುಹೋಗುತ್ತಿದ್ದರು. ಸೊಸೆಯ ಮುಖ ನೋಡುತ್ತಿರಲಿಲ್ಲ, ಕಾಲನ್ನಂತೂ ನೋಡುತ್ತಲೇ ಇರಲಿಲ್ಲ. ಒಬ್ಬ ಹೆಂಗಸನ್ನು ಕೆಲಸಕ್ಕೆ ಇಟ್ಟುಕೊಳ್ಳಿ ಎಂದು ಮಗ ಹೇಳಿದ್ದಕ್ಕೆ, ಆಳು ಮಾಡಿದ್ದು ಹಾಳು ಎಂದರಂತೆ. ಆ ಕೊಡ ಕಂಡಾಗಿನಿಂದ ನನ್ನ ಸಿಟ್ಟು ತಾನಾಗಿ ಇಳಿಯಿತು. ಗೆಳತಿಯ ನೋವು ಮಾತ್ರ ಇಳಿಯಲಿಲ್ಲ.

ರಜಾಕಾರರ ಗಲಾಟೆಯ ವರ್ಷ ಬಂತು. ಊರಿನ ಎಷ್ಟೋ ಜನ ಮನೆಗೆ ಬೀಗ ಹಾಕಿ ಸೊಲ್ಲಾಪುರದ ಕಡೆ ಹೋದರು. ಮುತ್ಯಾ ಕದಲಲಿಲ್ಲ. ನಾವೂ ಹೋಗಲಿಲ್ಲ. ಆ ಮಳೆಗಾಲದಲ್ಲಿ, ನಿಜಾಮರ ಆಳ್ವಿಕೆ ಮುಗಿಯುವ ಕೆಲವೇ ವಾರ ಮೊದಲು, ಒಂದು ಬೆಳಿಗ್ಗೆ ಹೊಸ್ತಿಲಲ್ಲಿ ಕೊಡ ಇರಲಿಲ್ಲ. ಗೆಳತಿ ಗೋಡೆ ಹಿಡಿದು ಪಡಸಾಲೆಗೆ ಹೋಗಿ ನೋಡಿದಳು. ಮಲಗಿದ್ದಲ್ಲೇ ಜೀವ ಹೋಗಿತ್ತು.

ಮಣ್ಣು ಮಾಡಿ ಬಂದ ಸಂಜೆ ಆಕೆಯ ಪಕ್ಕ ಕೂತಿದ್ದೆ. ಆಕೆ ಅಳುತ್ತಿರಲಿಲ್ಲ, ಕಾಲು ಚಾಚಿಕೊಂಡು ಖಾಲಿ ಕೊಡವನ್ನೇ ನೋಡುತ್ತಿದ್ದಳು.

"ಅಕ್ಕಾ, ಮೆಟ್ಟಲಾ ಮುಚ್ಚಿಸಿದ್ರು, ನೀರು ಹೊತ್ರು. ಕಾಲು ಬ್ಯಾನಿ ಆಗ್ಲಿಕತ್ತದೇನು ಅಂತ ಒಂದ ಮಾತು ಕೇಳಲಿಲ್ಲ ನೋಡು" ಎಂದಳು.

ಆ ಗೆಳತಿಯೂ ಹೋಗಿ ವರ್ಷಗಳಾದವು. ಮುತ್ಯಾನ ನಂತರ ಬಾವಿಯ ಹಗ್ಗ ಹೊಸೆಯುವುದನ್ನು ಕೈಗೆತ್ತಿಕೊಂಡ ಆಕೆ, ನಲ್ಲಿ ಬರುವವರೆಗೂ ಬಿಟ್ಟಿರಲಿಲ್ಲ. ಬಾವಿ ಈಗ ಕಸದ ಗುಂಡಿ, ಫರಸಿ ಮಾತ್ರ ಅಲುಗಿಲ್ಲ ಎಂದು ಊರಿನಿಂದ ಬಂದವರು ಹೇಳುತ್ತಾರೆ. ಎಲ್ಲರಿಗೂ ಮತ ಬಂದಾಗ ಮುತ್ಯಾ ಇರಲಿಲ್ಲ. ನಾನು ಮೊದಲ ಸಲ ಮತ ಹಾಕಲು ಸಾಲಿನಲ್ಲಿ ನಿಂತಾಗ, ಯಾರ ಮನೀದು ಕೊಡ್ತಿ ಎಂಬ ಮಾತು ಕಿವಿಯಲ್ಲಿತ್ತು. ಈಗಲೂ ಇದೆ. ಪುಕ್ಕಟೆ ಅಕ್ಕಿ, ತೆರಿಗೆ, ದವಾಖಾನೆಯ ಕಾರ್ಡು ಎಂದು ನನ್ನ ಮೊಮ್ಮಕ್ಕಳು ಟಿವಿ ಮುಂದೆ ಜಗಳಾಡುತ್ತಾರೆ. ಒಬ್ಬ ಮುತ್ಯಾನಂತೆ ಮಾತಾಡುತ್ತಾನೆ, ಇನ್ನೊಬ್ಬ ವಕೀಲನಂತೆ. ಯಾರದು ಸರಿ ಎಂದು ನನ್ನನ್ನು ಕೇಳುತ್ತಾರೆ. ದಣಿದಿದ್ದೇನೆ, ನನಗೆ ಇಬ್ಬರ ಮಾತೂ ಕೇಳಿ ಗೊತ್ತು. ನನ್ನ ದವಾಖಾನೆಯ ಕಾರ್ಡು ದಿಂಬಿನ ಕೆಳಗಿದೆ, ಅದನ್ನು ಕಂಡರೆ ಮುತ್ಯಾ ಏನೆನ್ನುತ್ತಿದ್ದರೋ...

ಸೊಸೆ ಎಲೆ ಇಟ್ಟು ಬಟ್ಟೆ ಬಿಗಿದಳು. ನನ್ನ ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, "ಬ್ಯಾನಿ ಕಡಿಮಿ ಆಗ್ಲಿಕತ್ತದೇನ್ರಿ ಅತ್ತಿ?" ಎಂದು ಕೇಳಿದಳು.

ಆಗಿದೆ ಎಂದೆ. ಆಗಿರಲಿಲ್ಲ. ಆದರೆ ಕೇಳಿದಳಲ್ಲ.