ಒಂದು ‘ಮತ್ತು’ ಹೆಚ್ಚಾಗಿದೆ

ಹುರುಪು ಬಂದರೆ ಅವರ ಕಿವಿಗಳು ಕೆಂಪಾಗುತ್ತಿದ್ದವು. ಅಗಲವಾದ, ಅಂಚಿನಲ್ಲಿ ಬಿಳಿ ಕೂದಲು ಬೆಳೆದ ಕಿವಿಗಳು. ಹಣೆಯ ವಿಭೂತಿಯನ್ನು, ಕೊರಳಿಗೆ ದಾರ ಕಟ್ಟಿ ನೇತುಹಾಕಿಕೊಂಡ ಭೂತಗನ್ನಡಿಯನ್ನು ಮರೆತರೂ ಆ ಕಿವಿಗಳನ್ನು ನಾನು ಮರೆಯಲಾರೆ. ಶಿರಾ ಗೇಟ್‌ನಲ್ಲಿ ಅವರದೊಂದು ಔಷಧಿ ಅಂಗಡಿ. ಅಲ್ಲಿಂದ ನಾಲ್ಕು ಮಳಿಗೆ ಆಚೆಗೆ ನಾನು ಕೆಲಸ ಮಾಡುವ ಪ್ರಿಂಟಿಂಗ್ ಪ್ರೆಸ್. ಕಂಪ್ಯೂಟರಿನಲ್ಲಿ ಟೈಪ್ ಮಾಡುವುದು, ತಪ್ಪು ತಿದ್ದುವುದು ನನ್ನ ಕೆಲಸ. ಎಲ್ಲರ ಹಾಗೆ ನಾನೂ ಅವರನ್ನು ಮೆಡಿಕಲ್ ಅಂಕಲ್ ಅಂತಲೇ ಕರೆಯುತ್ತಿದ್ದೆ.

ಮಾತ್ರೆ ಡಬ್ಬಿಯೊಳಗೆ ಮಡಚಿಟ್ಟ ತೆಳುಕಾಗದವನ್ನು ನಾವೆಲ್ಲ ಎಸೆಯುತ್ತೇವೆ. ಅಂಕಲ್ ಅದನ್ನು ಬಿಡಿಸಿ, ಭೂತಗನ್ನಡಿ ಹಿಡಿದು, ಇರುವೆ ಸಾಲಿನಂಥ ಅಕ್ಷರಗಳನ್ನು ಪೂರ್ತಿ ಓದುತ್ತಿದ್ದರು. ಚೇಳೂರಿನ ಕಡೆಯಿಂದ ಬಂದ ಅಜ್ಜಿ ಕೆಮ್ಮಿನ ಸಿರಪ್ ಕೇಳಿದರೆ, ಅದು ಗಂಟಲಿನಲ್ಲಲ್ಲ, ತಲೆಯೊಳಗೆ ಕೆಮ್ಮನ್ನು ಹೇಗೆ ತಡೆಯುತ್ತದೆ ಅನ್ನುವುದನ್ನೂ ಕೇಳಿಸಿಕೊಂಡೇ ಬಸ್ಸು ಹತ್ತಬೇಕು. ಒಮ್ಮೊಮ್ಮೆ ಬಸ್ಸೇ ತಪ್ಪುತ್ತಿತ್ತು.

ಅಮ್ಮ ತೀರಿಕೊಂಡ ಮೇಲೆ ನಾನು ಹಾಸಿಗೆ ಬಿಟ್ಟು ಏಳಲಾರದವಳಾಗಿದ್ದೆ. ಡಾಕ್ಟರು ಬರೆದ ಮಾತ್ರೆ ನನ್ನನ್ನು ಎಬ್ಬಿಸಿ ಕೂರಿಸಿತು, ಆ ಉಪಕಾರ ಮರೆಯಬಾರದು. ಆದರೆ ದುಃಖದ ಜೊತೆಗೆ ಉಳಿದದ್ದೆಲ್ಲವೂ ಮಂಕಾಯಿತು. ನಗು ಬಾರದು, ಸಿಟ್ಟು ಬಾರದು. ಅಮ್ಮನ ವರ್ಷದ ಕಾರ್ಯದಲ್ಲೂ ಕಣ್ಣು ಒದ್ದೆಯಾಗಲಿಲ್ಲ. ಕುಣಿಗಲ್ಲಿನ ಚಿಕ್ಕಮ್ಮ ಎಲ್ಲರೆದುರೇ, “ಕಲ್ಲಾಗ್ಬುಟ್ಟಿದೀಯ ಕಣೇ” ಅಂದರು. ಅದಕ್ಕೂ ಬೇಜಾರಾಗಲಿಲ್ಲ. ಇದು ಸರಿಯಲ್ಲ ಅಂತ ಬುದ್ಧಿಗೆ ಮಾತ್ರ ಗೊತ್ತಾಗುತ್ತಿತ್ತು.

ಇದನ್ನು ನಾನು ಹೇಳಿಕೊಂಡದ್ದು ಅಂಕಲ್ ಒಬ್ಬರ ಹತ್ತಿರ. ಎರಡು ದಿನ ಬಿಟ್ಟು ಹೋದರೆ ಕಿವಿಗಳು ಆಗಲೇ ಕೆಂಪಗಿದ್ದವು. ಫೋನಿನಲ್ಲಿ ಯಾವುದೋ ಸಂಶೋಧನೆಯ ಬರಹ ಸಿಕ್ಕಿತ್ತು. ಮಾತ್ರೆ ಹಾಕಿಕೊಡುವ ಕಂದು ಕವರಿನ ಮೇಲೆ ಮಿದುಳು ಬರೆದರು, ಅದು ಥೇಟ್ ಹೂಕೋಸು. ಒಳಗೊಂದು ಬಾದಾಮಿ ಬರೆದರು. ಅದು ಅಮಿಗ್ಡಲ, ಭಯದ ಕಾವಲುಗಾರ. ಹೆದರಿದ ಮುಖದ ಫೋಟೋ ತೋರಿಸಿದರೂ ಸಾಕು, ಎದ್ದು ಕೂರುತ್ತದೆ. ಕೆಲವು ಜಾತಿಯ ಅಣಬೆಗಳಲ್ಲಿ ಸಿಲೋಸೈಬಿನ್ ಅನ್ನುವ ವಸ್ತುವಿದೆ. ಅದನ್ನು ಕೊಟ್ಟಾಗ ಕೆಲವು ಗಂಟೆ ಈ ಬಾದಾಮಿಯ ಗಾಬರಿ ತಗ್ಗುತ್ತದಂತೆ, ಅಷ್ಟಾಗಿ ಮಾತೇ ಆಡದ ಮಿದುಳಿನ ಭಾಗಗಳು ಒಂದರೊಡನೊಂದು ಮಾತಿಗಿಳಿಯುತ್ತವಂತೆ. ಖಿನ್ನತೆಯಲ್ಲಿದ್ದ ಕೆಲವರು ಆಮೇಲೆ, ಎಷ್ಟೋ ದಿನದ ಮೇಲೆ ಅತ್ತೆವು, ನಕ್ಕೆವು ಅಂದಿದ್ದಾರಂತೆ.

“ನಿನ್ ಮಾತ್ರೆ ರೇಡಿಯೋ ವಾಲ್ಯೂಮ್ ಕಮ್ಮಿ ಮಾಡುತ್ತೆ ಕಣಮ್ಮ, ಇದು ಸ್ಟೇಷನ್ನೇ ಬದಲಾಯ್ಸುತ್ತೆ ಅಂತಾರೆ. ಇನ್ನೂ ಪರೀಕ್ಷೆ ನಡೀತಾ ಇದೆ, ಪೂರ್ತಿ ಯಾರ್ಗೂ ಗೊತ್ತಿಲ್ಲ. ಗೊತ್ತಿಲ್ದೆ ಇರೋದೇ ಮಜಾ ನೋಡು” ಅಂದರು. ನನ್ನ ಹಿಂದೆ ನಿಂತವರು ಬಿಪಿ ಮಾತ್ರೆ ಕೇಳುವುದನ್ನು ಬಿಟ್ಟು ಹೂಕೋಸು ನೋಡುತ್ತಿದ್ದರು.

ಆ ವರ್ಷ ಔಷಧಿ ವ್ಯಾಪಾರಿಗಳ ಸ್ಮರಣ ಸಂಚಿಕೆಗೆ ಅಂಕಲ್ ಇದರ ಮೇಲೆಯೇ ಲೇಖನ ಬರೆದರು. ತಲೆಬರಹ ‘ಮತ್ತು ಮತ್ತು ಭಾವನೆ’. ಮೊದಲನೆಯ ಮತ್ತು ಅಂದರೆ ಅಮಲು, ಎರಡನೆಯದು ಪದ ಜೋಡಿಸುವ ಪದ. ನನಗೆ ಅದು ತಿಳಿಯಬೇಕಲ್ಲ. ಒಂದೇ ಪದ ಎರಡು ಸಲ ಬಂದಿದೆ, ಮುದುಕರ ಕಣ್ಣು ತಪ್ಪಿದೆ ಎಂದುಕೊಂಡು ಒಂದನ್ನು ಹೊಡೆದುಹಾಕಿದೆ. ಅಚ್ಚಾಗಿ ಬಂದದ್ದು ‘ಮತ್ತು ಭಾವನೆ’. ಸಂಚಿಕೆ ಹಿಡಿದುಕೊಂಡು ಅವರು ಪ್ರೆಸ್ಸಿಗೆ ಬಂದಾಗ ಬೈಸಿಕೊಳ್ಳಲು ತಯಾರಾಗಿ ನಿಂತೆ. ಅವರು ಕುರ್ಚಿಯ ಬೆನ್ನು ಹಿಡಿದುಕೊಂಡು ನಕ್ಕರು.

“ಎರಡು ಮತ್ತುನಲ್ಲಿ ಯಾವ್ದು ಕಿತ್ತಾಕ್ದೆ?” ಎಂದು ಕೇಳಿದರು. ಗೊತ್ತಿಲ್ಲ ಅಂದೆ.

“ಅಮಲು ಕಿತ್ತಾಕಿದೀಯ, ಜೋಡ್ಸೋದು ಉಳ್ಸಿದೀಯ. ನಾಲ್ಕ್ ಪುಟ ಬರ್ದು ನಾನು ಹೇಳಕ್ಕಾಗದೆ ಇದ್ದಿದ್ದು ಅದೇ ಕಣಮ್ಮ. ಮಿದುಳಿನ ಆ ಭಾಗ ಮತ್ತು ಈ ಭಾಗ. ನೀನು ಮತ್ತು ನಿನ್ ದುಃಖ.”

ಇಷ್ಟೆಲ್ಲ ಕೇಳಿದ ಮೇಲೆ ಆ ಅಣಬೆ ನನಗೆ ಬೇಕೇ ಬೇಕು ಅನ್ನಿಸಿತು. ಜೊತೆಯಲ್ಲಿ ಓದಿದವನೊಬ್ಬ ಯಾವುದೋ ಬೆಟ್ಟದ ಊರಿನಿಂದ ತಂದುಕೊಡುತ್ತೇನೆ ಅಂದ. ಮಾತ್ರೆ ನುಂಗುತ್ತಿದ್ದರೆ ಅಣಬೆ ಕೆಲಸ ಮಾಡುವುದಿಲ್ಲ ಎಂದೂ ಅವನೇ ಹೇಳಿದ. ಯಾರನ್ನೂ ಕೇಳದೆ ಮಾತ್ರೆ ನಿಲ್ಲಿಸಿದೆ. ನಾಲ್ಕನೆಯ ದಿನ ಅಂಕಲ್ ಅಂಗಡಿಯ ಮುಂದೆಯೇ ತಲೆ ಸುತ್ತಿ ಮೆಟ್ಟಿಲ ಮೇಲೆ ಕೂತೆ. ನೀರು ಕುಡಿಸಿ ವಿಷಯ ಬಾಯಿ ಬಿಡಿಸಿದರು. ಕೇಳುತ್ತಾ ಕೇಳುತ್ತಾ ಅವರ ಮುಖ ಬಿಳಿಚಿಕೊಂಡಿತು.

“ಆ ಪರೀಕ್ಷೆ ಮಾಡೋ ಕಡೆ ಡಾಕ್ಟ್ರು ಪಕ್ಕದಲ್ಲೇ ಕೂತಿರ್ತಾರೆ. ಕೊಡೋಕ್ ಮುಂಚೆ ಎಷ್ಟೋ ದಿನ ಮಾತಾಡ್ಸಿರ್ತಾರೆ. ನಿನ್ ಪಕ್ಕ ಯಾರಮ್ಮ ಕೂತ್ಕೊಳ್ಳೋದು? ಅದು ಯಾವ ಅಣಬೆ ಅಂತ ಅವನಿಗಾದ್ರೂ ಗೊತ್ತಾ?” ಕಾನೂನು ಒಪ್ಪುವುದಿಲ್ಲ ಎಂದೂ ಹೇಳಿದರು. ಆಮೇಲೆ ನನ್ನ ಕೈಯಿಂದ ನೀರಿನ ಲೋಟ ತೆಗೆದುಕೊಂಡು, “ತಪ್ಪು ನಂದು. ಅರ್ಧ ಕಥೆ ಹೇಳ್ಬಿಟ್ಟೆ” ಅಂದರು.

ಮರುದಿನ ಒಳ್ಳೆ ವ್ಯಾಪಾರದ ಹೊತ್ತಿನಲ್ಲಿ ಅಂಗಡಿ ಮುಚ್ಚಿ ನನ್ನ ಜೊತೆ ಡಾಕ್ಟರ ಹತ್ತಿರ ಬಂದರು. ಎಲ್ಲ ಮಂಕಾಗಿದೆ ಎಂದು ನಾನು ಡಾಕ್ಟರಿಗೆ ಯಾವತ್ತೂ ಹೇಳಿಯೇ ಇರಲಿಲ್ಲ, ಅವರು ಕೇಳಿಯೂ ಇರಲಿಲ್ಲ. ಈಗ ನಿಧಾನವಾಗಿ ಬೇರೆ ಮಾತ್ರೆಗೆ ಬದಲಾಯಿಸಿದರು, ಆಪ್ತಸಮಾಲೋಚನೆಗೂ ಕಳಿಸಿದರು. ವಾರಕ್ಕೊಮ್ಮೆ ಬಂದು ತಮಗೆ ವರದಿ ಒಪ್ಪಿಸಬೇಕೆಂದು ಅಂಕಲ್ ಅಪ್ಪಣೆ ಮಾಡಿದರು. ಮೊದಲು ಮರಳಿದ್ದು ಸಿಟ್ಟು. ಗುಬ್ಬಿ ಬಸ್ಸಿನಲ್ಲಿ ಕಾಲು ತುಳಿದವನ ಮೇಲೆ ಇಳಿಯುವವರೆಗೂ ಜಗಳ ಕಾದೆ. ಆ ಸುದ್ದಿಗೆ ಅಂಕಲ್ ಕಿವಿಯೆಲ್ಲ ಕೆಂಪಾಗಿ, ಡಬ್ಬಿಯಿಂದ ಕೆಮ್ಮಿನ ಪೆಪ್ಪರಮೆಂಟು ತೆಗೆದು ಬಾಯಿ ಸಿಹಿ ಮಾಡಿದರು. ಕೆಲವು ವಾರದ ಮೇಲೆ ನಗು ಬಂತು. ಅಳು ಮಾತ್ರ ಬರಲಿಲ್ಲ. ಪ್ರತಿ ಸಲವೂ ಕೇಳುತ್ತಿದ್ದರು. ಇಲ್ಲ ಅಂದರೆ, “ಬರುತ್ತೆ ಬುಡು, ಬಂದ್ ತಕ್ಷಣ ಓಡ್ ಬಂದು ಹೇಳು” ಅನ್ನುತ್ತಿದ್ದರು.

ಹೋದ ವರ್ಷ ಒಂದು ಬೆಳಿಗ್ಗೆ, ಪೂಜೆಗೆ ಕೂತ ಅಂಕಲ್ ಅಲ್ಲೇ ಒರಗಿಬಿಟ್ಟರಂತೆ. ಶಿವಗಣಾರಾಧನೆಯ ಕಾರ್ಡು ಮಾಡಿಸಲು ಅವರ ಮಗಳು ನಮ್ಮ ಪ್ರೆಸ್ಸಿಗೇ ಬಂದಳು. ನಾನೇ ಟೈಪ್ ಮಾಡಲು ಕೂತೆ. ಹೆಸರಿನ ಹಿಂದೆ ‘ಲಿಂಗೈಕ್ಯ’ ಎಂದು ಹಾಕುವಷ್ಟರಲ್ಲಿ ಪರದೆಯ ಅಕ್ಷರಗಳು ಕಲಸಿಹೋದವು. ಮಾನಿಟರ್ ಕೆಟ್ಟಿತು ಅಂದುಕೊಂಡು ಬಟ್ಟೆಯಲ್ಲಿ ಒರೆಸಿದೆ. ಇನ್ನೊಂದು ಸಲ ಒರೆಸಿದೆ. ಕೀಬೋರ್ಡಿನ ಮೇಲೆ ಹನಿ ಬಿದ್ದಾಗ ಗೊತ್ತಾಯಿತು.

ಚಪ್ಪಲಿಯನ್ನೂ ಮೆಟ್ಟದೆ ಎದ್ದು ಓಡಿದೆ. ಅಳುತ್ತಾ, ಅಳು ಬಂತಲ್ಲ ಎಂದು ಹಿಗ್ಗುತ್ತಾ, ಅವರ ಅಂಗಡಿಯ ಮುಂದೆ ನಿಂತು “ಅಂಕಲ್, ಬಂತು” ಎಂದು ಕೂಗಿಬಿಟ್ಟೆ. ಶಟರ್ ಎಳೆದಿತ್ತು.