ಗಾಡಿಗೂ ಸೋಸಿ ಕುಡಿಸುತ್ತಿದ್ದ ತವನಪ್ಪ ಕಾಕಾ

ನಾಲ್ಕು ಲಕ್ಷ ಕಿಲೋಮೀಟರ್ ದಾಟಿದ್ದ ಡೀಸೆಲ್ ಪಿಕಪ್ಪಿಗೆ ನಾನು ಮೂರು ಲಕ್ಷ ಇಪ್ಪತ್ತು ಸಾವಿರ ಕೊಟ್ಟೆ. ನಿಪ್ಪಾಣಿಯ ಹಳೆ ಗಾಡಿ ದಲ್ಲಾಳಿಗಳು ಎರಡೂವರೆ ಲಕ್ಷದ ಮೇಲೆ ಒಂದು ರೂಪಾಯಿ ಏರಿಸುತ್ತಿರಲಿಲ್ಲ. ಒಬ್ಬನಂತೂ "ಮಾರುತಿ, ನಿನಗ ಬಿಸಲು ನೆತ್ತಿಗೇರೇತಿ" ಎಂದು ನಕ್ಕ. ಕುರಿ ಸಂತೆಯಲ್ಲಿ ಬೆಳೆದವನು ನಾನು. ಹಲ್ಲು ನೋಡದೆ ಟಗರು ಕೊಂಡವನಲ್ಲ. ಮೇಲಿನ ಎಪ್ಪತ್ತು ಸಾವಿರ ಕೊಟ್ಟದ್ದು ಆ ಗಾಡಿಯ ಸ್ಟೇರಿಂಗ್ ಹಿಡಿದ ಕೈ ನೋಡಿ. ಅದು ಜುಗೂಳದ ತವನಪ್ಪ ಕಾಕಾನ ಕೈ.

ಕಾಕಾ ತೆಳ್ಳನೆಯ ಮನುಷ್ಯ. ತಲೆಗೆ ಬಿಳಿ ಟೋಪಿ, ಸೀಟಿನ ಹಿಂದೆ ಮಡಚಿಟ್ಟ ಬಿಳಿ ಬಟ್ಟೆ. ಜೈನರ ಮನೆಯಲ್ಲಿ ಬಟ್ಟೆಯಿಂದ ಸೋಸದೆ ನೀರು ಕುಡಿಯುವುದಿಲ್ಲ. ಕಾಕಾ ಆ ನೇಮವನ್ನು ಗಾಡಿಗೂ ಹಚ್ಚಿದ್ದ. ಕಬ್ಬಿನ ಹಂಗಾಮಿನಲ್ಲಿ ಬಂಕಿನ ಮುಂದೆ ಟ್ರ್ಯಾಕ್ಟರುಗಳ ಸಾಲು ಹತ್ತಿದಾಗ ಕ್ಯಾನಿನಲ್ಲಿ ಡೀಸೆಲ್ ತಂದಿಟ್ಟುಕೊಳ್ಳುತ್ತಿದ್ದ. ಅದನ್ನು ಎರಡು ಪದರು ಬಟ್ಟೆಯಿಂದ ಸೋಸಿಯೇ ಟಾಕಿಗೆ ಹಾಕುತ್ತಿದ್ದ. ವಾರಕ್ಕೊಮ್ಮೆ ಫಿಲ್ಟರಿನ ತಳದ ತಿರುಪು ಸಡಿಲಿಸಿ, ಅಡಿಗೆ ಇಳಿದ ನೀರು ಬಿಡುತ್ತಿದ್ದ. "ನಾ ಸೋಸಿದ್ದು ಕುಡೀತೀನಿ. ನನಗ ದುಡದು ಹಾಕೂದು ಇದು. ಇದೇನು ಪಾಪ ಮಾಡೇತಿ?" ಎಂದು ಕೇಳುತ್ತಿದ್ದ.

ನಸುಕಿನಲ್ಲಿ ಕೀಲಿ ತಿರುಗಿಸಿದ ಮೇಲೆ ಎಕ್ಸಲರೇಟರ್ ಮುಟ್ಟುತ್ತಿರಲಿಲ್ಲ. ಕಣ್ಣು ಮುಚ್ಚಿ ಒಂಬತ್ತು ಸಲ ಣಮೋಕಾರ ಮಂತ್ರ ಹೇಳುತ್ತಿದ್ದ. ಅಷ್ಟರಲ್ಲಿ ಆಯಿಲ್ ಇಂಜಿನ್ನಿನ ಮೈಗೆಲ್ಲ ಹರಿದಿರುತ್ತಿತ್ತು. ಊರು ಮುಟ್ಟಿ ನಿಂತ ಮೇಲೂ ಅಷ್ಟೇ. ಕಾದ ಟರ್ಬೊ ತಣಿಯುವ ತನಕ ಮತ್ತೆ ಒಂಬತ್ತು ಸಲ, ಆಮೇಲೆಯೇ ಕೀಲಿ. ಹೊತ್ತು ಮುಳುಗುವ ಮೊದಲು ಮನೆಯಲ್ಲಿ ಊಟ ಮುಗಿಸಬೇಕಾದ್ದರಿಂದ ಒಂದು ಖೇಪು ಹೆಚ್ಚು ಹೊಡೆಯುವ ಆಸೆಯೂ ಇರಲಿಲ್ಲ. ಚಹಾದಂಗಡಿಯ ಮಂದಿ ಕಾಡುತ್ತಿದ್ದರು: "ಏನ್ ಕಾಕಾ, ನಿಮ್ಮ ಗಾಡಿ ದೀಕ್ಷಾ ತೊಗೊಂಡೇತೇನ್ರಿ?"

"ಇನ್ನಾ ಇಲ್ಲೋ. ತೊಗೊಂಡಿದ್ರ ಟಾಯರ್ ಬಿಚ್ಚಿ ಒಗದು ಬರಿಗಾಲಲೆ ನಡೀತಿತ್ತು."

ಕಾಕಾನ ಎಡ ಮೊಣಕಾಲು ಕ್ಲಚ್ ಒತ್ತಲು ಒಲ್ಲೆ ಎಂದ ವರ್ಷ ಗಾಡಿ ಮಾರಾಟಕ್ಕೆ ಬಂತು. ಆಗ ನಾನು ಹೊಳೆದಂಡೆಯ ಬದನೆಕಾಯಿಯನ್ನು ಬಾಡಿಗೆ ಗಾಡಿಯಲ್ಲಿ ಮಿರಜಕ್ಕೆ ಒಯ್ದು ಮಾರುತ್ತಿದ್ದೆ. ಲಾಭವೆಲ್ಲ ಬಾಡಿಗೆಗೇ ಹೋಗುತ್ತಿತ್ತು. ಕೂಡಿಟ್ಟದ್ದನ್ನೆಲ್ಲ ಸುರಿದರೆ ಒಂದು ಹಳೆ ಪಿಕಪ್ ಬರುತ್ತಿತ್ತು. ಅದರ ಇಂಜಿನ್ ಕುಳಿತರೆ ನಾನೂ ಕುಳಿತಂತೆ. ಮತ್ತೆ ಮಂದಿಯ ಕುರಿ ಕಾಯಲು ಹೋಗಬೇಕಿತ್ತು. ಹಾಗಾಗಿ ಗಾಡಿ ಆರಿಸುವಲ್ಲಿ ತಪ್ಪುವಂತಿರಲಿಲ್ಲ.

ಕುರಿ ಸಂತೆಯ ರೂಢಿಯಂತೆ ಟವೆಲ್ಲಿನ ಕೆಳಗೆ ಕಾಕಾನ ಕೈ ಹಿಡಿದು ಬೆರಳು ಒತ್ತಿ ದರ ಹೇಳಲು ಹೋದೆ. ಕಾಕಾ ಟವೆಲ್ ತೆಗೆದು ನನ್ನ ಹೆಗಲ ಮೇಲೆಯೇ ಹಾಕಿದ.

"ಇದೇನ್ ಕುರೀನೋ, ಮುಚ್ಚಿ ಮಾತಾಡಾಕ? ದರ ಒಂದ. ಕಡಿಮಿ ಆಗೂದಿಲ್ಲ."

"ಕಾಕಾ, ಮೀಟರ್ ಅರ ನೋಡ್ರಿ. ಚಂದ್ರಾಮನ ಮಟ ಹೋದಷ್ಟ ಓಡೇತಿ."

"ಅಲ್ಲೀ ತನಕ ಹೋಗಿ ತಿರುಗಿ ಬಂದೇತಲ್ಲ? ಅದಕ್ಕ ಈ ರೇಟ್."

ದರ ಇಳಿಸುವ ಬದಲು ಒಂದು ಷರತ್ತನ್ನೂ ಏರಿಸಿದ. ಒಂದು ತಿಂಗಳು ನಾನು ನಡೆಸಬೇಕು, ಕಾಕಾ ಪಕ್ಕದಲ್ಲಿ ಕೂರಬೇಕು. ಕಾಕಾನ ಮನಸ್ಸಿಗೆ ಬಂದರೆ ಗಾಡಿಯ ಕಾಗದ, ಇಲ್ಲದಿದ್ದರೆ ವ್ಯವಹಾರ ಮುರಿದಂತೆ. ಮೊದಲು ಬಂದಿದ್ದ ಗಿರಾಕಿಗಳೆಲ್ಲ ಇಲ್ಲಿಯೇ ಎದ್ದು ಹೋಗಿದ್ದರಂತೆ. ನಾನು ಒಪ್ಪಿದೆ. ಒಂದು ತಿಂಗಳ ಬಾಡಿಗೆ ಉಳಿಯುತ್ತದೆ ಎಂಬ ಲೆಕ್ಕವೂ ಒಳಗೆ ಇತ್ತೆನ್ನಿ.

ತಿಂಗಳು ತುಂಬಲು ಬಂದಾಗ ಮಳೆ ಹಿಡಿಯಿತು. ಕೃಷ್ಣೆಯ ಹಿನ್ನೀರು ಒತ್ತಿದ್ದರಿಂದ ಉಗಾರದ ದಾರಿಯ ಹಳ್ಳದ ನೀರು ಸೇತುವೆ ಏರಿತ್ತು. ಹಿಂದೆ ನನ್ನ ಬದನೆಕಾಯಿ, ಮುಂದೆ ಮಿರಜ ಪೇಟೆಯ ಹರಾಜು ಸವಾಲಿನ ಹೊತ್ತು. ನಮ್ಮನ್ನು ದಾಟಿ ಹೊಸ ಪಿಕಪ್ಪೊಂದು ಹಾರ್ನ್ ಹೊಡೆಯುತ್ತ ನೀರಿಗಿಳಿಯಿತು. ನಾನೂ ಗೇರ್ ಹಾಕಲು ಹೋದೆ. ಕಾಕಾ ಗೇರಿನ ಮೇಲೆ ತನ್ನ ಕೈ ಇಟ್ಟ.

"ನೀರು ಬಾನಟ್ ಮಟ ಬರತೈತಿ. ಇಂಜಿನ್ ಕುಡಿಯೂದು ಗಾಳಿ, ತಮ್ಮಾ. ನೀರು ಕುಡದರ ಒಳಗಿಂದು ಮುರಕೊಂತೈತಿ."

"ಬದನಿಕಾಯಿ ಬಾಡತಾವ್ರಿ ಕಾಕಾ! ಸವಾಲ್ ಮುಗದ ಹೋಗತೈತಿ!"

"ಬದನಿಕಾಯಿ ಮುಂದಿನ ವಾರ ಮತ್ತ ಗಿಡದಾಗ ಬಿಡತಾವ. ಕನೆಕ್ಟಿಂಗ್ ರಾಡ್ ಯಾವ ಗಿಡದಾಗ ಬಿಡತೈತಿ, ಹೇಳು?"

ನನಗೆ ಸಿಟ್ಟು ಬಂತು. ಮಾಲು ನನ್ನದು, ನಷ್ಟ ನನ್ನದು. ಆದರೆ ಆ ಕೈ ಸರಿಸಿದರೆ ಗಾಡಿ ನನ್ನದಾಗುವುದಿಲ್ಲ ಎಂದೂ ಗೊತ್ತಿತ್ತು. ಹಲ್ಲು ಕಚ್ಚಿ ಗಾಡಿ ಹಿಂದಕ್ಕೆ ತೆಗೆದೆ. ಅಷ್ಟರಲ್ಲಿ ನಡು ಸೇತುವೆಯಲ್ಲಿ ಹೊಸ ಪಿಕಪ್ ಒಮ್ಮೆ ಕೆಮ್ಮಿ ನಿಂತಿತು. ಡ್ರೈವರ್ ಸೊಂಟಮಟ್ಟ ನೀರಿನಲ್ಲಿ ನಡೆದು ದಂಡೆ ಸೇರಿದ. ಮುಂದೆ ಅದರ ಇಂಜಿನ್ ಬಿಚ್ಚಿದಾಗ ರಾಡು ಬಾಗಿತ್ತಂತೆ.

ಬಳಸುದಾರಿಯಿಂದ ಉಗಾರ ಮುಟ್ಟುವಷ್ಟರಲ್ಲಿ ಮಿರಜದ ಸವಾಲು ಮುಗಿದಿತ್ತು. ಕಾರ್ಖಾನೆಯ ಪಾಳಿ ಬಿಡುವ ಹೊತ್ತಿಗೆ ರಸ್ತೆ ಬದಿಯಲ್ಲೇ ಮಾಲು ಇಳಿಸಿದೆ. ಕುಂಟುಗಾಲಿನ ಕಾಕಾ ತಾನೇ ತಕ್ಕಡಿ ಹಿಡಿದು ಕುಳಿತ. "ಬರ್ರಿ ಬರ್ರಿ, ಕೃಷ್ಣಾಕಾಠಚಿ ವಾಂಗಿ! ಯಾ, ಯಾ!" ಎಂದು ಕನ್ನಡ, ಮರಾಠಿ ಎರಡೂ ಭಾಷೆಯಲ್ಲಿ ಹೊಳೆದಂಡೆಯ ಬದನೆಕಾಯಿಯನ್ನು ಕೂಗಿ ಮಾರಿದ. ಚೌಕಾಸಿ ಒಲ್ಲದ ಆ ಮನುಷ್ಯ ಅಂದು ನನಗಾಗಿ ಒಂದೊಂದು ರೂಪಾಯಿಗೂ ಗುದ್ದಾಡಿದ. ಅಸಲು ಹುಟ್ಟಿತು. ಟೋಪಿ ಕೊಡವಿಕೊಂಡು ಎದ್ದವನೇ ಅಂದ: "ನಾಳೆ ಕಾಗದ ಮಾಡೂಣು. ನಿನಗ ಸಿಟ್ಟು ಬಂದಿತ್ತು, ಆದ್ರ ಗಾಡಿ ಮ್ಯಾಲ ತೀರಿಸಲಿಲ್ಲ. ಅಷ್ಟ ಸಾಕು."

ಆ ಗಾಡಿ ನನ್ನ ಮನೆ ಕಟ್ಟಿತು. ಮೀಟರು ಈಗ ಆರು ಲಕ್ಷದ ಸಮೀಪ ಇದೆ. ಇಂಜಿನ್ ಇನ್ನೂ ಬಿಚ್ಚಿಲ್ಲ. ಮಿರಜದಿಂದ ಬರುವಾಗ ಜುಗೂಳದಲ್ಲಿ ನಿಲ್ಲುವುದು ರೂಢಿಯಾಗಿತ್ತು. ಕಾಕಾ ಮೊದಲು ಬಾನಟ್ಟಿನ ಮೇಲೆ ಕೈಯಾಡಿಸಿ, ಆಮೇಲೆ ನನ್ನನ್ನು ಮಾತಾಡಿಸುತ್ತಿದ್ದ.

ಹೋದ ಬೇಸಿಗೆಯಲ್ಲಿ ಕಾಕಾನಿಗೆ ಬಹಳ ಜಡ್ಡೆಂದು ಮನೆಯವರಿಂದ ಫೋನ್ ಬಂತು. ರಾಯಬಾಗದಿಂದ ಒಂದೇ ಉಸುರಿಗೆ ಹೋದೆ. ಅಂಗಳದಲ್ಲಿ ಗಾಡಿ ನಿಂತಿತೋ ಇಲ್ಲವೋ, ಕೀಲಿ ಕಿತ್ತುಕೊಂಡು ಒಳಗೆ ಓಡಿದೆ. ಕಾಕಾ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ತಿರುಗಲಿಲ್ಲ.

"ಮಾರುತಿ, ಇಂಜಿನ್ ಇಷ್ಟ ಲಗೂನ ಬಂದ್ ಮಾಡಿದೇನು?"

"ನಿಮಗ ಆರಾಮಿಲ್ಲಂತ ಕೇಳಿ, ಕಾಕಾ..."

"ನಾ ಎಲ್ಲಿ ಓಡಿ ಹೊಂಟೀನಿ? ಹೋಗು. ಚಾಲೂ ಮಾಡಿ, ತಣ್ಣಗಾಗಾಕ ಬಿಟ್ಟು, ಆಮ್ಯಾಲ ಬಾ."

ಹೋದೆ. ಇಂಜಿನ್ ಹಚ್ಚಿ ಕುಳಿತೆ. ನಾನು ಕುರಿಗಾರರ ದೇವರು ಬೀರಪ್ಪನ ಒಕ್ಕಲು, ಆದರೆ ಕಾಕಾ ಪಕ್ಕದಲ್ಲಿ ಕೂತ ಆ ತಿಂಗಳಲ್ಲೇ ಆ ಮಂತ್ರ ಬಾಯಿಗೆ ಬಂದಿತ್ತು. ಕಣ್ಣು ಮುಚ್ಚಿ ಒಂಬತ್ತು ಸಲ ಹೇಳಿ, ಇಂಜಿನ್ ಬಂದ್ ಮಾಡಿ ಒಳಗೆ ಬಂದೆ. ಕಾಕಾ ಈ ಕಡೆ ತಿರುಗಿ ಮಲಗಿದ್ದ. "ಹಾಂ, ಈಗ ಬಾ. ಕೂಡು" ಎಂದು ಹಾಸಿಗೆಯ ಅಂಚು ತಟ್ಟಿದ. ಆಮೇಲೆ ನಾನು ಆ ಮನೆಗೆ ಹೋದದ್ದು ಕಾಕಾನ ಅಂತ್ಯಕ್ರಿಯೆಗೆ. ಅಂದು ಅಂಗಳದಲ್ಲಿ ಮಂದಿ ಕಾಯುತ್ತಿದ್ದರೂ ಕೀಲಿಗೆ ಅವಸರ ಮಾಡಲಿಲ್ಲ.

ಅಥಣಿ, ಚಿಕ್ಕೋಡಿ ಕಡೆಯಿಂದ ಹುಡುಗರು ಹಳೆ ಪಿಕಪ್ ಕೊಳ್ಳುವ ಮೊದಲು ನನ್ನನ್ನು ಕೇಳಲು ಬರುತ್ತಾರೆ. ನಿಮಗೂ ಅದನ್ನೇ ಹೇಳುತ್ತೇನೆ. ಮೀಟರ್ ಕಡಿಮೆ ಇದೆ ಎಂದು ಹಿಗ್ಗಬೇಡಿ, ಹೆಚ್ಚಿದೆ ಎಂದು ಹೆದರಬೇಡಿ. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗಲೇ ಹೋಗಿ, ಮಾಲೀಕನ ಕೈಯಿಂದಲೇ ಚಾಲೂ ಮಾಡಿಸಿ, ಪಕ್ಕದಲ್ಲಿ ಕುಳಿತು ಒಂದಿಷ್ಟು ದೂರ ಸುತ್ತಿ ಬನ್ನಿ. ತಿರುಗಿ ಬಂದು ನಿಂತಾಗ ಅವನ ಬಲಗೈ ನೋಡಿ. ಚಕ್ರ ನಿಲ್ಲುವ ಮೊದಲೇ ಅದು ಕೀಲಿಗೆ ಹೋದರೆ, ಚಹಾ ಕುಡಿದು ಎದ್ದು ಬನ್ನಿ. ಪುಕ್ಕಟೆ ಕೊಟ್ಟರೂ ಬೇಡ. ಆ ಕೈ ಸುಮ್ಮನೆ ತೊಡೆಯ ಮೇಲೆ ಕಾಯುತ್ತ ಕುಳಿತರೆ ಟವೆಲ್ ಮಡಚಿಡಿ, ಕೇಳಿದಷ್ಟು ಕೊಟ್ಟುಬಿಡಿ.